ಹಿತ್ತಾಳೆ ಟೋಪಿಯ ಬಾಯಿ ಮೆತ್ತಗೆ ಮಾಡುವುದು ಹೇಗೆ: ಅನೀಲಿಂಗ್ ಮಷೀನಿನ ಸಮಗ್ರ ಮಾರ್ಗದರ್ಶಿ

ಒಂದು ಜುಲೈ ತಿಂಗಳು ಪುಣೆಯ ಭೋಸರಿಯಲ್ಲಿರುವ ನಮ್ಮ ಶೆಡ್ಡಿಗೆ ಒಂದು ಚೀಲ ವಾಪಸ್ ಬಂತು. ಒಳಗೆ ನಾವೇ ಮಾಡಿ ಕಳಿಸಿದ್ದ ಹಿತ್ತಾಳೆ ಟೋಪಿಗಳು. ಟೋಪಿ ಅಂದರೆ ಒಂದು ಕಡೆ ಮುಚ್ಚಿದ ಸಣ್ಣ ನಳಿಗೆ. 10 ಮಿಮೀ ದಪ್ಪ, 45 ಮಿಮೀ ಉದ್ದ, ಗೋಡೆ ಬರೀ ಅರ್ಧ ಮಿಮೀ. ಉಷ್ಣತೆ ಅಳೆಯುವ ಸೆನ್ಸರನ್ನು ಇದರೊಳಗೆ ಇಟ್ಟು, ಬಾಯಿಯನ್ನು ವೈರಿನ ಮೇಲೆ ಒತ್ತಿ ಕ್ರಿಂಪ್ ಮಾಡುತ್ತಾರೆ. ಚೀಲದಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಬಾಯಿಯಿಂದ ಕೆಳಕ್ಕೆ ಕೂದಲಿನಷ್ಟು ಸಣ್ಣ ಬಿರುಕು. ಇನ್ನೊಂದು ಎತ್ತಿದೆ, ಅದರಲ್ಲೂ ಹಾಗೇ. ಗಿರಾಕಿ ಫೋನಿನಲ್ಲಿ, "ಏನ್ರೀ, ನಮಗೇ ಟೋಪಿ ಹಾಕಿದ್ರಲ್ಲ" ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ತಪ್ಪು ನಮ್ಮದೇ. ಬಾಯಿ ಅನೀಲ್ ಮಾಡಿದ್ದೆವು, ಅಂದರೆ ಕಾಯಿಸಿ ಮೆತ್ತಗೆ ಮಾಡಿದ್ದೆವು, ಆದರೆ ಕಣ್ಣಂದಾಜಿನಲ್ಲಿ. ಬಣ್ಣ ನೋಡಿ "ಸಾಕು" ಅಂದಿದ್ದೆವು. ಆಮೇಲೆ ಒಂದು ಮಷೀನ್ ಕಟ್ಟಿಕೊಂಡೆವು. ಮಷೀನ್ ಬಂದ ಮೇಲೂ ಮೊದಲ ಎರಡು ತಿಂಗಳು ಅದೇ ತಪ್ಪನ್ನು ಜಾಸ್ತಿ ವೇಗವಾಗಿ ಮಾಡಿದೆವು, ಅಷ್ಟೇ. ಮಷೀನಿಗೆ ಗೊತ್ತಿರುವುದು ಸಮಯ ಒಂದೇ. ಎಷ್ಟು ಸಮಯ ಅನ್ನುವುದನ್ನು ಹುಡುಕಿ ಕೊಡಬೇಕಾದವರು ನಾವು. ಈ ಬರಹದ ಅರ್ಧ ಭಾಗ ಆ ಹುಡುಕಾಟದ್ದೇ.

ಈ ಥರ ಮೇಜಿನ ಮೇಲೆ ಕೂರುವ ಮಷೀನುಗಳು ಹೊರದೇಶಗಳಲ್ಲಿ ಹೆಚ್ಚಾಗಿ ರೈಫಲ್ ಶೂಟರುಗಳ ಮನೆಯಲ್ಲಿ ಕಾಣುತ್ತವೆ. ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕವಚದ ಕುತ್ತಿಗೆಯನ್ನು ಮೆತ್ತಗೆ ಮಾಡಿ ಮತ್ತೆ ಬಳಸಲು ಅವರು ಇದನ್ನು ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ತೋಟಾ ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಆದ್ದರಿಂದ ಆ ಕಡೆ ಹೋಗುವುದು ಬೇಡ. ಆದರೆ ಲೋಹ ಅದೇ, ತೊಂದರೆ ಅದೇ, ಮಷೀನೂ ಅದೇ. ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತು ಇರುವ ಹಿತ್ತಾಳೆಗೆ ಇಂಗ್ಲಿಷಿನಲ್ಲಿ ಇವತ್ತಿಗೂ ಕಾರ್ಟ್ರಿಜ್ ಬ್ರಾಸ್ ಅನ್ನುವ ಹೆಸರೇ ಇದೆ. ನಮ್ಮ ಟೋಪಿಯೂ ಅದರದ್ದೇ.

ಗಟ್ಟಿ ಯಾಕಾಗುತ್ತದೆ, ಮೆತ್ತಗೆ ಯಾಕೆ ಮಾಡಬೇಕು

ಹಿತ್ತಾಳೆ ತಗಡನ್ನು ಡೈ ಅನ್ನುವ ಅಚ್ಚಿನ ಒಳಗೆ ಎಳೆದು ನಳಿಗೆ ಮಾಡಿದಾಗ ಲೋಹದ ಒಳಗಿನ ಕಣಗಳು ಜಗ್ಗಿ ಸಿಕ್ಕು ಸಿಕ್ಕಾಗುತ್ತವೆ. ಪ್ರತಿ ಎಳೆತಕ್ಕೂ ಗಟ್ಟಿಯಾಗುತ್ತಾ ಹೋಗುತ್ತದೆ. ಕಬ್ಬಿಣದ ತಂತಿಯನ್ನು ಅತ್ತ ಇತ್ತ ಬಾಗಿಸಿದರೆ ಬಿರುಸಾಗಿ ಕೊನೆಗೆ ಮುರಿಯುತ್ತದಲ್ಲ, ಹಾಗೆ. ಕಾಯಿಸಿದಾಗ ಈ ಜಗ್ಗಿದ ಕಣಗಳ ಜಾಗದಲ್ಲಿ ಹೊಸ, ಸಣ್ಣ, ನೆಟ್ಟಗಿನ ಕಣಗಳು ಹುಟ್ಟುತ್ತವೆ. ಲೋಹ ಮತ್ತೆ ಬಗ್ಗುತ್ತದೆ. ಇನ್ನೂ ಕಾಯಿಸುತ್ತಾ ಹೋದರೆ ಆ ಹೊಸ ಕಣಗಳು ದೊಡ್ಡದಾಗುತ್ತವೆ. ಆಗ ಲೋಹ ತೀರಾ ಮೆತ್ತಗಾಗುತ್ತದೆ, ಒತ್ತಿದರೆ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿಯಾಗುತ್ತದೆ.

ಶೇಂಗಾ ಚಿಕ್ಕಿಗೆ ಪಾಕ ಹಿಡಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಸ್ವಲ್ಪ ಕಡಿಮೆಯಾದರೆ ಕಟ್ಟುವುದಿಲ್ಲ, ಸ್ವಲ್ಪ ಮೀರಿದರೆ ಕಹಿ. ಅಮ್ಮ ಒಂದು ಹನಿ ನೀರಿಗೆ ಬಿಟ್ಟು ಬೆರಳಲ್ಲಿ ಒತ್ತಿ ನೋಡುತ್ತಿದ್ದಳು. ಒಲೆಯ ಉರಿ ನೋಡಿ ಹದ ಹೇಳುತ್ತಿರಲಿಲ್ಲ.

ಪುಣೆಯಲ್ಲಿದ್ದು ಕಸಬಾ ಪೇಠೆಯ ತಾಂಬಟ ಆಳಿಗೆ ಹೋಗದವರು ಒಮ್ಮೆ ಹೋಗಿ ಬನ್ನಿ. ಅಲ್ಲಿ ತಾಮ್ರದ ಹಂಡೆ, ಬಿಂದಿಗೆ ಬಡಿಯುವವರು ನಡುನಡುವೆ ಪಾತ್ರೆಯನ್ನು ಕೆಂಡಕ್ಕೆ ಹಿಡಿಯುವುದು ಇದೇ ಕಾರಣಕ್ಕೆ. ಸುತ್ತಿಗೆಯ ಸದ್ದು ಕೇಳಿ. ಕಾಯಿಸಿದ ಮೇಲೆ ಮೊದಲು ಮಂಕಾಗಿರುತ್ತದೆ, ಬಡಿಯುತ್ತಾ ಹೋದ ಹಾಗೆ ಟಣ್ ಟಣ್ ಅಂತ ಏರುತ್ತದೆ. ಅವರ ಕಿವಿಯೇ ಅವರ ಮೀಟರ್.

ನಮ್ಮ ಕೆಲಸದಲ್ಲಿ ಒಂದು ತೊಡಕು ಹೆಚ್ಚು. ಬಾಯಿ ಮಾತ್ರ ಮೆತ್ತಗಾಗಬೇಕು, ತಳ ಗಟ್ಟಿಯಾಗಿಯೇ ಉಳಿಯಬೇಕು. ಮೇಲಿನ 12 ಮಿಮೀ ಬಗ್ಗಬೇಕು, ಕೆಳಗಿನ 25 ಮಿಮೀ ಬಗ್ಗಬಾರದು. ಇಡೀ ಟೋಪಿಯನ್ನು ಭಟ್ಟಿಗೆ ಹಾಕಿದರೆ ಕೆಲಸ ಸುಲಭ, ಆದರೆ ಮಾಲು ಹಾಳು.

ಬಿರುಕಿಗೆ ಇನ್ನೊಂದು ಹಳೆಯ ಕಾರಣವೂ ಇದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಸೈನ್ಯದ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಡುತ್ತಿದ್ದರಂತೆ. ಮಳೆ ಮುಗಿಯುವಷ್ಟರಲ್ಲಿ ಹಿತ್ತಾಳೆ ತಾನಾಗಿಯೇ ಸೀಳಿರುತ್ತಿತ್ತು. ಹಂಗಾಮಿಗೆ ಬರುವ ಕಾಯಿಲೆ ಅಂತ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅನ್ನುವ ಹೆಸರೇ ಬಿತ್ತು. ಒಳಗೆ ಉಳಿದ ಎಳೆತ, ತೇವ, ಕುದುರೆ ಗಂಜಳದಿಂದ ಏಳುವ ಅಮೋನಿಯಾ, ಈ ಮೂರೂ ಸೇರಿದರೆ ಹೀಗಾಗುತ್ತದೆ ಅನ್ನುವುದು 1921ರಲ್ಲಿ ವಿವರವಾಗಿ ಬಯಲಾಯಿತು. ಭೋಸರಿಯಿಂದ ಸ್ವಲ್ಪ ದೂರದಲ್ಲೇ ಇರುವ ಖಡಕಿಯ ಅಮ್ಯುನಿಷನ್ ಫ್ಯಾಕ್ಟರಿ 1869ರದ್ದು. ಅದರ ಗೋಡೆಯ ಪಕ್ಕದಲ್ಲಿ ದಿನಾ ಬೈಕ್ ಓಡಿಸುವಾಗ ಈ ಕಥೆ ನೆನಪಾಗುತ್ತದೆ. ನಮ್ಮ ಚೀಲ ವಾಪಸ್ ಬಂದದ್ದು ಜುಲೈನಲ್ಲಿ, ಅಲ್ವಾ? ಆ ಟೋಪಿಗಳು ಹೋಗಿದ್ದು ಕೋಳಿ ಫಾರ್ಮುಗಳ ಸೆನ್ಸರಿಗೆ. ಕೋಳಿ ಹಿಕ್ಕೆಯಿಂದಲೂ ಅಮೋನಿಯಾ ಏಳುತ್ತದೆ.

ಸಾಮಾನು ಮತ್ತು ಮಷೀನ್

ಮೊದಲು ಯಾವ ಹಿತ್ತಾಳೆ ಅಂತ ಗೊತ್ತಿರಬೇಕು. ತಗಡು ಕೊಂಡ ಬಿಲ್ಲಿನಲ್ಲಿ ಐಎಸ್ 410 (ಐಎಸ್ ಅಂದರೆ ಭಾರತೀಯ ಮಾನಕದ ನಂಬರು), ಗ್ರೇಡ್ ಸಿಯುಜೆಡ್‌ಎನ್ 30 ಅಂತ ಇದ್ದರೆ ನಾನು ಕೆಳಗೆ ಹೇಳುವ ಲೆಕ್ಕ ನಡೆಯುತ್ತದೆ. ಲೇತಿನಲ್ಲಿ ಕೊರೆಯುವ ಐಎಸ್ 319ರ ಸರಳಿನಲ್ಲಿ ಸೀಸ ಇರುತ್ತದೆ. ಈ ಲೆಕ್ಕ ಅದಕ್ಕೆ ನಡೆಯುವುದಿಲ್ಲ. ಅದನ್ನು ಈ ಮಷೀನಿಗೆ ಹಾಕಬೇಡಿ.

ಮಷೀನಿನಲ್ಲಿ ಎರಡು ಜಾತಿ. ಒಂದು ಗ್ಯಾಸಿನದು, ಇನ್ನೊಂದು ಇಂಡಕ್ಷನ್.

ಗ್ಯಾಸಿನದನ್ನು ನಾವೇ ಕಟ್ಟಿದ್ದು. ತಿರುಗುವ ಒಂದು ಅಲ್ಯೂಮಿನಿಯಂ ಹೋಲ್ಡರ್, ಅದರಲ್ಲಿ ಟೋಪಿ ಬಾಯಿ ಮೇಲೆ ಮಾಡಿ 25 ಮಿಮೀ ಆಳಕ್ಕೆ ಕೂರುತ್ತದೆ. ಪಕ್ಕದಲ್ಲಿ ಬರ್ನರ್. ಟೈಮರ್ ಮುಗಿದ ಕೂಡಲೇ ಸೊಲೆನಾಯ್ಡ್, ಅಂದರೆ ಕರೆಂಟು ಕೊಟ್ಟರೆ ಸರಳು ಎಳೆಯುವ ಕಾಯಿಲ್, ಹೋಲ್ಡರನ್ನು ಓರೆ ಮಾಡಿ ಟೋಪಿಯನ್ನು ನೀರಿನ ಬೋಗುಣಿಗೆ ಬೀಳಿಸುತ್ತದೆ. ಗೇರ್ ಮೋಟರ್, ಟೈಮರ್, ಸೊಲೆನಾಯ್ಡ್ ಎಲ್ಲಾ ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಸಿಕ್ಕವು. ನಟ್ಟು, ಬೋಲ್ಟು, ಪಟ್ಟಿ ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ. ಹೋಲ್ಡರಿಗೆ ಅಲ್ಯೂಮಿನಿಯಂ ಯಾಕೆಂದರೆ ಅದು ತಳದ ಬಿಸಿಯನ್ನು ಹೀರಿಕೊಳ್ಳುತ್ತದೆ. ಹೋಲ್ಡರ್ ತಿರುಗಲೇಬೇಕು. ನಿಂತರೆ ಜ್ವಾಲೆಯ ಕಡೆ ಅತಿಯಾಗಿ, ಹಿಂದಿನ ಕಡೆ ಹಸಿಯಾಗಿ ಉಳಿಯುತ್ತದೆ. ನಿಮಿಷಕ್ಕೆ 120 ಸುತ್ತು ಇಟ್ಟಿದ್ದೇವೆ.

ಇಂಡಕ್ಷನ್ ಮಷೀನಿನಲ್ಲಿ ಜ್ವಾಲೆ ಇಲ್ಲ. ತಾಮ್ರದ ಕೊಳವೆಯನ್ನು ಮೂರು ನಾಲ್ಕು ಸುತ್ತು ಸುತ್ತಿದ ಕಾಯಿಲ್, ಅದರೊಳಗೆ ತಣ್ಣೀರು ಹರಿಯುತ್ತಿರುತ್ತದೆ. ಕಾಯಿಲಿನ ನಡುವೆ ಟೋಪಿಯ ಬಾಯಿ ಇಟ್ಟರೆ ಲೋಹದಲ್ಲೇ ಕರೆಂಟು ಸುತ್ತಿ ಅದು ತಾನೇ ಕಾಯುತ್ತದೆ. ಹಿತ್ತಾಳೆಯನ್ನು ಅಯಸ್ಕಾಂತ ಹಿಡಿಯುವುದಿಲ್ಲವಾದ್ದರಿಂದ ಕಬ್ಬಿಣದಷ್ಟು ಸುಲಭವಾಗಿ ಕಾಯುವುದಿಲ್ಲ, ಪವರ್ ಜಾಸ್ತಿ ಬೇಕು. ಗೋಡೆ ತೆಳುವಾದಷ್ಟೂ ಫ್ರೀಕ್ವೆನ್ಸಿಯೂ ಮೇಲೆ ಹೋಗಬೇಕು. 100 ಕಿಲೋಹರ್ಟ್ಸ್‌ನಲ್ಲಿ ಕರೆಂಟು ಹಿತ್ತಾಳೆಯೊಳಗೆ ಸುಮಾರು 0.4 ಮಿಮೀ ಇಳಿಯುತ್ತದೆ. ಅರ್ಧ ಮಿಮೀ ಗೋಡೆಗೆ ಅದು ಸರಿಹೋಗುತ್ತದೆ.

ಯಾವುದು ಒಳ್ಳೆಯದು? ದಿನಕ್ಕೆ ಇನ್ನೂರು ಮುನ್ನೂರು ಪೀಸು ಅಂದರೆ ಗ್ಯಾಸು ಸಾಕು. ಅದಕ್ಕಿಂತ ಹೆಚ್ಚಾದರೆ ಇಂಡಕ್ಷನ್. ನಾನು ಕಲಿಯುವವರಿಗೆ ಗ್ಯಾಸಿನದನ್ನೇ ಕೊಡುತ್ತೇನೆ. ಅದು ಮಾಡುವ ತಪ್ಪುಗಳು ಕಣ್ಣಿಗೆ ಕಾಣುತ್ತವೆ.

ಇವುಗಳ ಜೊತೆ ಟೆಂಪರೇಚರ್ ಪೇಂಟ್ ಬೇಕೇ ಬೇಕು. ಹಚ್ಚಿ ಒಣಗಿದ ಮೇಲೆ ಇಂತಿಷ್ಟು ಡಿಗ್ರಿಗೆ ಕರಗುವ ಬಣ್ಣ ಅದು. ಎರಡು ಬಾಟಲಿ ತರಿಸಿ, ಒಂದು 550 ಡಿಗ್ರಿಯದು, ಇನ್ನೊಂದು 250 ಡಿಗ್ರಿಯದು. ಅಷ್ಟು ದುಡ್ಡು ಯಾಕೆ, ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಗನ್ ಇದೆಯಲ್ಲ ಅನ್ನುತ್ತೀರಾ? ನಾನೂ ಅಂದಿದ್ದೆ. ಹೊಳೆಯುವ ಹಿತ್ತಾಳೆಯ ಮುಂದೆ ಆ ಗನ್ ಸುಳ್ಳು ಹೇಳುತ್ತದೆ. ಹೊಳಪಿನ ಲೋಹ ತನ್ನ ಬಿಸಿಯನ್ನು ಕಿರಣವಾಗಿ ಬಿಡುವುದೇ ಕಡಿಮೆ. ಕೈ ಇಟ್ಟರೆ ಸುಟ್ಟು ಬೊಬ್ಬೆ ಏಳುವ ಪೀಸನ್ನು ಗನ್ 60 ಡಿಗ್ರಿ ಅಂದಿತ್ತು.

ಶುರು ಮಾಡುವ ಮೊದಲು ಜೀವದ ಮಾತು

ಸತು 907 ಡಿಗ್ರಿಗೆ ಕುದಿಯುತ್ತದೆ, ಅದಕ್ಕಿಂತ ಕೆಳಗೇ ಆವಿಯಾಗಿ ಹೊರಡುತ್ತದೆ. ಹಿತ್ತಾಳೆಯಿಂದ ಬಿಳಿ ಹೊಗೆ ಎದ್ದರೆ ಅದು ಸತುವಿನದು. ಅದನ್ನು ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಮಲೇರಿಯಾ ಅಂದುಕೊಂಡು ಔಷಧಿ ನುಂಗಿದವರನ್ನು ನೋಡಿದ್ದೇನೆ. ಸರಿಯಾದ ಹದದಲ್ಲಿ ಬಿಳಿ ಹೊಗೆ ಬರುವುದೇ ಇಲ್ಲ. ಆದರೂ ಎಕ್ಸಾಸ್ಟ್ ಫ್ಯಾನ್ ಇರಲಿ, ಅದು ಗಾಳಿಯನ್ನು ಹೊರಗೆ ಎಳೆಯಲಿ. ಜ್ವಾಲೆಯ ಮೇಲೆ ಊದುವ ಫ್ಯಾನ್ ಬೇಡ.

ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ಕೂರುತ್ತದೆ. ಸಿಲಿಂಡರನ್ನು ತಗ್ಗಿನಲ್ಲಿ, ಗುಂಡಿಯ ಪಕ್ಕದಲ್ಲಿ ಇಡಬೇಡಿ, ಮಲಗಿಸಲೇಬೇಡಿ. ಪೈಪಿನ ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ. ಮನೆಯ 14.2 ಕಿಲೋ ಸಿಲಿಂಡರನ್ನು ಶಾಪಿಗೆ ತರುವಂತಿಲ್ಲ, 19 ಕಿಲೋದ ಕಮರ್ಷಿಯಲ್ ಸಿಲಿಂಡರೇ ಬೇಕು. ಕೈಗೆ ಚರ್ಮದ ಗ್ಲೌಸು, ಕಣ್ಣಿಗೆ ಕನ್ನಡಕ, ಮೈಮೇಲೆ ಹತ್ತಿ ಬಟ್ಟೆ. ಇಂಡಕ್ಷನ್ ಮುಂದೆ ಕೂರುವವರು ಉಂಗುರ, ಕಡಗ ಬಿಚ್ಚಿಡಬೇಕು. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅದರ ಹತ್ತಿರ ಬರಬಾರದು.

ತೊಳೆಯುವುದು

ಎಳೆಯುವಾಗ ಹಚ್ಚಿದ ಎಣ್ಣೆ ಟೋಪಿಯ ಒಳಗೂ ಹೊರಗೂ ಇರುತ್ತದೆ. ಹಾಗೇ ಕಾಯಿಸಿದರೆ ಸುಟ್ಟು ಕಪ್ಪಾಗಿ ಅಂಟುತ್ತದೆ, ಬಿಸಿಯೂ ಏರುಪೇರಾಗುತ್ತದೆ. ಬಿಸಿ ನೀರಿಗೆ ವಾಷಿಂಗ್ ಸೋಡಾ ಹಾಕಿ ಹತ್ತು ನಿಮಿಷ ಅಲ್ಲಾಡಿಸಿ, ಎರಡು ಸಲ ಶುದ್ಧ ನೀರಲ್ಲಿ ತೊಳೆಯಿರಿ. ಸೀಮೆಎಣ್ಣೆಯಲ್ಲಿ ತೊಳೆಯುವ ರೂಢಿ ಇದ್ದರೆ ಬಿಡಿ. ಮುಂದಿನ ಮೇಜಿನಲ್ಲಿ ಜ್ವಾಲೆ ಇದೆ.

ಆಮೇಲೆ ಒಣಗಿಸಿ. ಇದನ್ನು ಎರಡು ಸಲ ಹೇಳುತ್ತೇನೆ: ಒಣಗಿಸಿ. ಟೋಪಿಯ ತಳ ಮುಚ್ಚಿದೆ. ಒಳಗೆ ಒಂದು ಹನಿ ನೀರಿದ್ದರೂ ಕಾಯುವಾಗ ಬುಸ್ ಅಂತ ಚಿಮ್ಮುತ್ತದೆ, ಬಿಸಿ ನೀರು ನೇರ ಮುಖಕ್ಕೆ. ಬಾಯಿ ಕೆಳಗೆ ಮಾಡಿ ಜಾಲರಿಯ ಮೇಲೆ ನಿಲ್ಲಿಸಿ, 110 ಡಿಗ್ರಿ ಓವನ್ನಿನಲ್ಲಿ ಅರ್ಧ ಗಂಟೆ ಇಡಿ.

ಓವನ್ ಬಿಸಿ ಇರುವಾಗಲೇ ಇನ್ನೊಂದು ಕೆಲಸ ಮಾಡಿಬಿಡುವುದು ಒಳ್ಳೆಯದು. ಉಷ್ಣತೆಯನ್ನು 260 ಡಿಗ್ರಿಗೆ ಏರಿಸಿ ಒಂದು ಗಂಟೆ ಬಿಡಿ. ಇದರಿಂದ ಲೋಹ ಮೆತ್ತಗಾಗುವುದಿಲ್ಲ, ಆದರೆ ಒಳಗೆ ಉಳಿದ ಎಳೆತದ ಹೆಚ್ಚಿನ ಭಾಗ ಇಳಿಯುತ್ತದೆ. ತಳದ ಕಡೆ ಮಳೆಗಾಲದ ಬಿರುಕು ಬರದಂತೆ ತಡೆಯುವುದು ಇದೇ. ಬಾಯಿಯ ಕಡೆಯ ಕೆಲಸ ಮಷೀನಿನದು.

ಸಮಯ ಹುಡುಕುವುದು

ಇಲ್ಲಿ ಅವಸರ ಬೇಡ. ಪ್ರತಿ ಹೊಸ ತಗಡಿನ ಲಾಟಿಗೆ ಮೂವತ್ತು ನಲವತ್ತು ಪೀಸು ಇದಕ್ಕೇ ಅಂತ ತೆಗೆದಿಡಿ. ಮಾಲೀಕರು ಗೊಣಗುತ್ತಾರೆ. ನಾನೇ ಮಾಲೀಕ, ಆದರೂ ಗೊಣಗುತ್ತೇನೆ.

ಬರ್ನರ್ ಹಚ್ಚಿ. ಜ್ವಾಲೆಯ ನಡುವೆ ಚೂಪಾದ ನೀಲಿ ಮೊನೆ ಕಾಣುತ್ತದೆ. ಅತಿ ಬಿಸಿ ಇರುವುದು ಆ ಮೊನೆಯ ಸ್ವಲ್ಪ ಮುಂದೆ, ಮೊನೆಯ ಒಳಗಲ್ಲ. ಮೊನೆಗೂ ಟೋಪಿಗೂ ನಡುವೆ 8 ಮಿಮೀ ಅಂತರ ಇಡಿ. ಜ್ವಾಲೆ ಬಾಯಿಯ ಅಂಚಿಗಲ್ಲ, ಅಂಚಿನಿಂದ 6 ಮಿಮೀ ಕೆಳಗೆ ತಾಗಲಿ. ಅಂಚಿಗೆ ಬಿಸಿ ಹರಿದುಹೋಗಲು ದಾರಿ ಒಂದೇ ಕಡೆ, ಹಾಗಾಗಿ ಅದು ತಾನಾಗಿಯೇ ಬೇಗ ಕಾಯುತ್ತದೆ. ಅಂಚಿಗೇ ಜ್ವಾಲೆ ಹಿಡಿದರೆ ಅಂಚು ಕರಗಿ ಸುರುಳಿಯಾಗುತ್ತದೆ. ಈ ಹಿತ್ತಾಳೆ ಸುಮಾರು 915 ಡಿಗ್ರಿಗೆ ಕರಗಲು ಶುರು. ಅರ್ಧ ಮಿಮೀ ಗೋಡೆ ಅಲ್ಲಿಗೆ ತಲುಪಲು ಹೆಚ್ಚು ಹೊತ್ತು ಬೇಡ.

ಬರ್ನರ್ ಜಾಗ ಗಟ್ಟಿ ಮಾಡಿ ಬೋಲ್ಟ್ ಬಿಗಿಯಿರಿ. ಗ್ಯಾಸಿನ ರೆಗ್ಯುಲೇಟರ್ ಎಲ್ಲಿದೆ ಅಂತ ಪೇಂಟಿನಲ್ಲಿ ಗುರುತು ಹಾಕಿ. ಈಗಿನಿಂದ ಬದಲಾಯಿಸುವುದು ಸಮಯ ಒಂದನ್ನೇ. ಒಂದು ಸಲಕ್ಕೆ ಎರಡು ತಿರುಪು ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಹೋಲ್ಡರನ್ನು ಮೊದಲು ಬಿಸಿ ಮಾಡಿಕೊಳ್ಳಿ. ಬೇಡವಾದ ಹತ್ತು ಹದಿನೈದು ಪೀಸನ್ನು ಸುಮ್ನೆ ಓಡಿಸಿ. ತಣ್ಣಗಿನ ಹೋಲ್ಡರ್ ಬಿಸಿಯನ್ನು ಜಾಸ್ತಿ ಹೀರುತ್ತದೆ. ಬೆಳಗ್ಗೆ ಮೊದಲ ಪೀಸಿಗೂ ಇಪ್ಪತ್ತನೇ ಪೀಸಿಗೂ ವ್ಯತ್ಯಾಸ ಬರುವುದು ಇದರಿಂದಲೇ. ಇದು ಗೊತ್ತಾಗಲು ನನಗೆ ಒಂದು ತಿಂಗಳು ಬೇಕಾಯಿತು.

ಈಗ ಟೆಸ್ಟ್ ಪೀಸು. 550 ಡಿಗ್ರಿಯ ಪೇಂಟನ್ನು ಬಾಯಿಯ ಒಳಗೋಡೆಗೆ ತೆಳ್ಳಗೆ ಹಚ್ಚಿ. ಹೊರಗೆ ಹಚ್ಚಬೇಡಿ. ಹೊರಗಿದ್ದರೆ ಜ್ವಾಲೆಯೇ ನೇರ ಪೇಂಟನ್ನು ಸುಡುತ್ತದೆ, ಲೋಹ ಎಷ್ಟು ಕಾದಿದೆ ಅಂತ ತಿಳಿಯುವುದಿಲ್ಲ. 250 ಡಿಗ್ರಿಯದನ್ನು ಹೊರಗೆ, ಹೋಲ್ಡರಿನ ಮೇಲಂಚಿಗೆ ತಾಗುವಂತೆ ಒಂದು ಸಣ್ಣ ಗೆರೆ ಎಳೆಯಿರಿ. ಜ್ವಾಲೆ ಅಲ್ಲಿಗೆ ತಾಗದಿರಲಿ. ಪೇಂಟ್ ಪೂರಾ ಒಣಗಲಿ.

ಟೈಮರನ್ನು 2 ಸೆಕೆಂಡಿಗೆ ಇಟ್ಟು ಒಂದು ಪೀಸು ಓಡಿಸಿ. ಒಳಗಿನ ಪೇಂಟ್ ಪುಡಿಪುಡಿಯಾಗಿ ಹಾಗೇ ಇರುತ್ತದೆ. 2.5 ಮಾಡಿ, ಆಮೇಲೆ 3. ಒಂದು ಕಡೆ ಪೇಂಟ್ ಕರಗಿ ಗಾಜಿನ ಹಾಗೆ ಹೊಳೆಯಲು ಶುರುವಾಗುತ್ತದೆ. ಅಲ್ಲಿಂದ 0.2 ಸೆಕೆಂಡಿನ ಹೆಜ್ಜೆ. ನಮ್ಮ ಗ್ಯಾಸ್ ಮಷೀನಿನಲ್ಲಿ 3.8 ಸೆಕೆಂಡಿಗೆ ಒಳಗಿನ ಪೇಂಟ್ ಸುತ್ತಲೂ ಕರಗಿತು, ಕೆಳಗಿನ 250ರ ಗೆರೆ ಮುಟ್ಟದೆ ಉಳಿಯಿತು. ಅದು ನಮ್ಮ ಬರ್ನರಿನ ಲೆಕ್ಕ. ನಿಮ್ಮದು ಬೇರೆ ಬರುತ್ತದೆ, ಇದನ್ನೇ ನಕಲು ಮಾಡಬೇಡಿ.

550 ಯಾಕೆ, ಪುಸ್ತಕದಲ್ಲಿ 425 ಇದೆಯಲ್ಲ ಅಂತ ಡಿಪ್ಲೊಮಾ ಓದಿದ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಪುಸ್ತಕದ ಲೆಕ್ಕ ಭಟ್ಟಿಯದು, ಅಲ್ಲಿ ಒಂದು ಗಂಟೆ ಸಮಯ ಇದೆ. ಕಣಗಳು ಹೊಸದಾಗಿ ಹುಟ್ಟಲು ಬಿಸಿಯೂ ಬೇಕು, ಹೊತ್ತೂ ಬೇಕು. ಹೊತ್ತು ಕಡಿಮೆ ಮಾಡಿದರೆ ಬಿಸಿ ಏರಿಸಬೇಕು. ಹಾಗಾದರೆ ಬಿಸಿ ಕಡಿಮೆ ಮಾಡಿ 15 ಸೆಕೆಂಡು ಹಿಡಿದರೆ ಆಗದೇ? ಆಗುತ್ತದೆ, ಆದರೆ ಹಿತ್ತಾಳೆ ಬಿಸಿಯನ್ನು ಸಾಮಾನ್ಯ ಉಕ್ಕಿಗಿಂತ ಎರಡು ಪಟ್ಟು ಚುರುಕಾಗಿ ಸಾಗಿಸುತ್ತದೆ. 15 ಸೆಕೆಂಡಿನಲ್ಲಿ ಬಿಸಿ ಕೆಳಗಿಳಿದು ತಳವನ್ನೂ ಮೆತ್ತಗೆ ಮಾಡುತ್ತದೆ. ಬಾಯಿ ಮಾತ್ರ ಬೇಕೆಂದರೆ ಜೋರು ಉರಿ, ಕಡಿಮೆ ಹೊತ್ತು.

ಬಣ್ಣದ ಮಾತು. ಯಾವ ಘನವಸ್ತುವೇ ಆಗಲಿ, ಕತ್ತಲಲ್ಲಿ ಮೊದಲ ಮಂಕು ಕೆಂಪು ಕಾಣುವುದು ಸುಮಾರು 525 ಡಿಗ್ರಿಗೆ. 1847ರಲ್ಲಿ ಡ್ರೇಪರ್ ಅನ್ನುವ ವಿಜ್ಞಾನಿ ಇದನ್ನು ತೋರಿಸಿದ. ಕತ್ತಲಲ್ಲಿ ಅನ್ನುವುದು ಮುಖ್ಯ. ನಮ್ಮದು ತಗಡಿನ ಶೆಡ್, ಮಾರ್ಚ್ ಮಧ್ಯಾಹ್ನ ಬಾಗಿಲಿಂದ ಬೆಳಕು ನುಗ್ಗುತ್ತದೆ. ಆ ಬೆಳಕಿನಲ್ಲಿ "ಅಣ್ಣಾ, ಕೆಂಪಾತು ನೋಡ್ರಿ" ಅಂತ ಹುಡುಗ ಕೂಗುವಷ್ಟರಲ್ಲಿ ಪೀಸು 650 ದಾಟಿರುತ್ತದೆ. ಅದೇ ಹುಡುಗ ಮೋಡದ ದಿನ ಬೇಗ ನಿಲ್ಲಿಸುತ್ತಾನೆ. ನಮ್ಮ ವಾಪಸ್ ಬಂದ ಚೀಲದ ಅರ್ಧ ಕಥೆ ಇದು. ಹಾಗಂತ ಬಣ್ಣ ಪೂರಾ ಬೇಡ ಅಂತಲ್ಲ. ಟೋಪಿ ದಾಟಿ ಹೋಗುವ ಜ್ವಾಲೆಯ ತುದಿ ಇದ್ದಕ್ಕಿದ್ದಂತೆ ಕಿತ್ತಳೆಯಾಗಿ ಉರಿದರೆ ಸಮಯ ಮೀರುತ್ತಿದೆ ಅಂತ ಅರ್ಥ. ಆ ಪೀಸನ್ನು ಪಕ್ಕಕ್ಕಿಡಿ.

ಇಂಡಕ್ಷನ್ ಆದರೆ ಕ್ರಮ ಇದೇ, ಹೆಜ್ಜೆ ಇನ್ನೂ ಸಣ್ಣದು, 0.1 ಸೆಕೆಂಡು. ಕಾಯಿಲಿನ ಗೋಡೆಗೂ ಟೋಪಿಗೂ ಸುತ್ತಲೂ ಒಂದೇ ಸಮನೆ 2ರಿಂದ 3 ಮಿಮೀ ಅಂತರ ಇರಲಿ, ತಾಗಿದರೆ ಕಿಡಿ. ನೀರು ನಿಂತರೆ ಕಾಯಿಲೇ ಹೋಗುತ್ತದೆ, ಆದ್ದರಿಂದ ಮೊದಲು ಪಂಪು, ಆಮೇಲೆ ಪವರ್.

ಹದ ಬಂತೋ ಇಲ್ಲವೋ

ಪೇಂಟ್ ಹೇಳುವುದು ಬಿಸಿಯನ್ನು. ಲೋಹ ಮೆತ್ತಗಾಯಿತೇ ಅನ್ನುವುದನ್ನು ಲೋಹವನ್ನೇ ಕೇಳಬೇಕು.

ನಾನು ಮೊದಲು ಮಾಡುವುದು ಇಕ್ಕಳದ ಪರೀಕ್ಷೆ. ಅನೀಲ್ ಮಾಡದ ಒಂದು ಟೋಪಿ ತೆಗೆದುಕೊಂಡು ಬಾಯಿಯನ್ನು ಇಕ್ಕಳದಲ್ಲಿ 2 ಮಿಮೀ ಒತ್ತಿ ಬಿಡಿ. ಅದು ಸ್ಪ್ರಿಂಗಿನ ಹಾಗೆ ಬಹಳಷ್ಟು ವಾಪಸ್ ಬರುತ್ತದೆ. ಈಗ ಅನೀಲ್ ಆದದ್ದನ್ನು ಅಷ್ಟೇ ಒತ್ತಿ. ಒತ್ತಿದ ಕಡೆಯೇ ನಿಲ್ಲಬೇಕು, ಸ್ವಲ್ಪವೇ ಹಿಂದೆ ಬರಬೇಕು. ಸತ್ತ ಮೀನಿನ ಹಾಗೆ ಬಿದ್ದುಕೊಂಡರೆ ಅತಿಯಾಗಿದೆ. ಕೈಗೆ ಅಂದಾಜು ಸಿಗಲು ಒಂದು ದಿನ ಸಾಕು. ಅಳತೆ ಬೇಕೆಂದರೆ ವರ್ನಿಯರ್ ಹಿಡಿದು ಒತ್ತುವ ಮುಂಚೆ, ಒತ್ತಿದಾಗ, ಬಿಟ್ಟ ಮೇಲೆ ಮೂರೂ ಬರೆದಿಡಿ.

ಎರಡನೆಯದು ಕೋನ್ ಪರೀಕ್ಷೆ. 60 ಡಿಗ್ರಿ ಚೂಪಿನ ಉಕ್ಕಿನ ಕೋನನ್ನು ಬಾಯಿಗೆ ಇಟ್ಟು ಕೈ ಪ್ರೆಸ್ಸಿನಲ್ಲಿ ನಿಧಾನ ಒತ್ತಿ. ಬಾಯಿ ಹೂವಿನ ಹಾಗೆ ಅರಳುತ್ತದೆ. ಎಷ್ಟಕ್ಕೆ ಸೀಳುತ್ತದೆ ಅಂತ ಅಳೆಯಿರಿ. ನಮ್ಮಲ್ಲಿ ಅನೀಲ್ ಆಗದ ಟೋಪಿ 11 ಮಿಮೀ ಆಗುವ ಮುಂಚೆಯೇ ಟಪ್ ಅಂದಿತು. ಹದ ಬಂದದ್ದು 13 ದಾಟಿತು. ಅರಳಿದ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನುಣುಪಾಗಿದ್ದರೆ ಸರಿ. ಕಿತ್ತಳೆ ಸಿಪ್ಪೆ ಕಂಡರೆ 0.2 ಸೆಕೆಂಡು ಇಳಿಸಿ.

ಲಾಟು ದೊಡ್ಡದಾದರೆ ಮೂರು ಪೀಸನ್ನು ಉದ್ದಕ್ಕೆ ಸೀಳಿ ಹಾರ್ಡ್‌ನೆಸ್ ನೋಡುವ ಲ್ಯಾಬಿಗೆ ಕೊಡಿ. ಗೋಡೆ ತೆಳುವಾದ್ದರಿಂದ ಕಡಿಮೆ ಭಾರದ, ಅಂದರೆ ಒಂದು ಕಿಲೋದ ವಿಕರ್ಸ್ ಪರೀಕ್ಷೆ ಕೇಳಿ. ವಜ್ರದ ಮೊನೆ ಒತ್ತಿ, ಬಿದ್ದ ಗುರುತು ಅಳೆದು ಗಡಸುತನದ ನಂಬರು ಕೊಡುವ ಪರೀಕ್ಷೆ ಅದು. ಜಾಸ್ತಿ ಭಾರ ಹಾಕಿದರೆ ಗುರುತು ಗೋಡೆಯ ಆಚೆಗೇ ಹೋದ ಹಾಗಾಗಿ ಲೆಕ್ಕ ತಪ್ಪುತ್ತದೆ. ನಾವು ಬಾಯಿಯಲ್ಲಿ 80ರಿಂದ 100, ತಳದಲ್ಲಿ 140ಕ್ಕಿಂತ ಮೇಲೆ ಅಂತ ಇಟ್ಟುಕೊಂಡಿದ್ದೇವೆ. ಬಾಯಿ 70ಕ್ಕೆ ಇಳಿದರೆ ಕ್ರಿಂಪ್ ವೈರನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಜಗ್ಗಿದರೆ ಕಿತ್ತು ಬರುತ್ತದೆ.

ಲಾಟು ಓಡಿಸುವಾಗ

ಸಮಯ ಸಿಕ್ಕ ಮೇಲೆ ಕೆಲಸ ಬೇಜಾರು ಹಿಡಿಸುವಂಥದ್ದು. ಟೋಪಿ ಇಡು, ಬಟನ್ ಒತ್ತು, ಬೀಳಲಿ, ಮತ್ತೊಂದು ಇಡು. ರೇಡಿಯೋ ಹಚ್ಚಿಕೊಳ್ಳಿ. ಆದರೆ ಪ್ರತಿ ಐವತ್ತಕ್ಕೊಮ್ಮೆ ಒಂದು ಪೀಸು ಇಕ್ಕಳಕ್ಕೆ ಹೋಗಲೇಬೇಕು.

ಯಾಕೆಂದರೆ ಮಷೀನ್ ಬದಲಾಗದಿದ್ದರೂ ಸುತ್ತಲಿನದು ಬದಲಾಗುತ್ತದೆ. ಗ್ಯಾಸು ಹೊರಬರುತ್ತಾ ಹೋದ ಹಾಗೆ ಸಿಲಿಂಡರ್ ತಾನೇ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ಡಿಸೆಂಬರ್ ಬೆಳಗ್ಗೆ ಪುಣೆಯ ಚಳಿಯಲ್ಲಿ ಇದು ಇನ್ನೂ ಜಾಸ್ತಿ, ಸಿಲಿಂಡರಿನ ಹೊಟ್ಟೆಯ ಮೇಲೆ ಇಬ್ಬನಿ ಕೂತಿರುತ್ತದೆ. ಅದನ್ನು ಬಿಸಿ ಮಾಡಲು ಹೋಗಬೇಡಿ. ಎರಡು ಸಿಲಿಂಡರ್ ಜೋಡಿಸಿ ಹಂಚಿ ಬಳಸಿ, ಒಳ್ಳೆಯ ರೆಗ್ಯುಲೇಟರ್ ಹಾಕಿ. ಇಂಡಕ್ಷನ್ ಆದರೆ ಕರೆಂಟಿನ ವೋಲ್ಟೇಜ್ ಏರಿಳಿತ. ಪಕ್ಕದ ಶೆಡ್ಡಿನ ದೊಡ್ಡ ಪ್ರೆಸ್ ಶುರುವಾದರೆ ನಮ್ಮ ಮೀಟರಿನ ಮುಳ್ಳು ಕುಣಿಯುತ್ತದೆ. ಸ್ಟೆಬಿಲೈಸರ್ ಇಲ್ಲದೆ ಆ ಮಷೀನ್ ಓಡಿಸುವುದು ವ್ಯರ್ಥ.

ನೀರಿಗೆ ಬೀಳಿಸಬೇಕೇ, ಗಾಳಿಯಲ್ಲಿ ತಣಿಸಬೇಕೇ ಅನ್ನುವ ಜಗಳ ಎಲ್ಲ ಶಾಪಿನಲ್ಲೂ ಇದೆ. ಉಕ್ಕಿನ ಕೆಲಸ ಮಾಡಿ ಬಂದವರು ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ ಅನ್ನುತ್ತಾರೆ. ಅದು ಉಕ್ಕಿನ ಗುಣ. ಈ ಹಿತ್ತಾಳೆ ನೀರಿಗೆ ಬಿದ್ದರೂ ಅಷ್ಟೇ, ಗಾಳಿಯಲ್ಲಿ ತಣಿದರೂ ಅಷ್ಟೇ, ಮೆತ್ತಗೇ ಇರುತ್ತದೆ. ನಾವು ನೀರಿಗೆ ಹಾಕುವುದು ಬಿಸಿ ತಳದ ಕಡೆಗೆ ಇಳಿಯುವ ಮೊದಲೇ ನಿಲ್ಲಲಿ ಅಂತ. ಕೈಗೂ ಬೇಗ ಸಿಗುತ್ತದೆ.

ಕಪ್ಪು ತೆಗೆಯುವುದು

ಅನೀಲ್ ಆದ ಬಾಯಿ ನೀಲಿ, ಕಂದು, ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ. ಕೆಲವು ಗಿರಾಕಿಗಳು ಅದೇ ಇರಲಿ ಅನ್ನುತ್ತಾರೆ, ಅನೀಲ್ ಆಗಿದೆ ಅನ್ನುವ ಗುರುತು ಅಂತ. ಬೇಡ ಅಂದರೆ ತೊಳೆಯಬೇಕು. ದೊಡ್ಡ ಶಾಪುಗಳು ನೀರು ಬೆರೆಸಿದ ಗಂಧಕಾಮ್ಲ ಬಳಸುತ್ತವೆ. ನಮ್ಮಂಥ ಸಣ್ಣವರಿಗೆ ಸಿಟ್ರಿಕ್ ಆಸಿಡ್ ಸಾಕು, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುತ್ತದಲ್ಲ, ಅದೇ. ಲೀಟರ್ ಬಿಸಿ ನೀರಿಗೆ 50 ಗ್ರಾಂ, ಹತ್ತು ಹದಿನೈದು ನಿಮಿಷ. ಗಂಧಕಾಮ್ಲವೇ ಬೇಕೆಂದವರು ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ.

ಆಸಿಡ್ ಬೋಗುಣಿಗೆ ಕಬ್ಬಿಣದ ಚಿಮುಟ, ತಂತಿಬುಟ್ಟಿ ಇಳಿಸಬೇಡಿ. ಬಳಸಿ ಬಳಸಿ ಆ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ. ಕಬ್ಬಿಣ ತಾಗಿದ ಕೂಡಲೇ ಆ ತಾಮ್ರ ಟೋಪಿಗಳ ಮೇಲೆ ಬಂದು ಕೂರುತ್ತದೆ, ಹಳದಿ ಮಾಲೆಲ್ಲ ಗುಲಾಬಿ. ಒಮ್ಮೆ ನಮ್ಮ ಹುಡುಗ ಸ್ಪ್ಯಾನರ್ ಬೀಳಿಸಿ ಏನೂ ಹೇಳದೆ ತೆಗೆದಿದ್ದ. ಗುಲಾಬಿ ಟೋಪಿಗಳೇ ಚಾಡಿ ಹೇಳಿದವು. ಪ್ಲಾಸ್ಟಿಕ್ ಬುಟ್ಟಿ ಬಳಸಿ. ಕೊನೆಗೆ ಚೆನ್ನಾಗಿ ತೊಳೆದು, ಬಿಸಿ ನೀರಲ್ಲಿ ಅದ್ದಿ, ಬಾಯಿ ಕೆಳಗೆ ಮಾಡಿ ಒಣಗಿಸಿ. ಹೊಳಪು ಕೊಡಲು ಅಮೋನಿಯಾ ಇರುವ ಪಾಲಿಶ್ ಮಾತ್ರ ಹಚ್ಚಬೇಡಿ. ಕುದುರೆ ಲಾಯ ನೆನಪಿರಲಿ.

ಕೆಟ್ಟ ಪೀಸು

ಕಡಿಮೆ ಕಾದದ್ದನ್ನು ಮತ್ತೆ ಮಷೀನಿಗೆ ಹಾಕಬಹುದು, ಪೂರ್ತಿ ತಣ್ಣಗಾದ ಮೇಲೆ, ಹುಡುಕಿಟ್ಟ ಅದೇ ಸರಿಯಾದ ಸೆಕೆಂಡಿಗೆ. ಅತಿಯಾಗಿ ಕಾದದ್ದಕ್ಕೆ ಮದ್ದಿಲ್ಲ. ದೊಡ್ಡದಾದ ಕಣ ಮತ್ತೆ ಕಾಯಿಸಿದರೆ ಸಣ್ಣದಾಗುವುದಿಲ್ಲ. ಮತ್ತೆ ಎಳೆದು ಗಟ್ಟಿ ಮಾಡಿ ಕಾಯಿಸಿದರೆ ಮಾತ್ರ ಆದೀತು, ಮಾಡಿ ಮುಗಿದ ಟೋಪಿಯನ್ನು ಎಲ್ಲಿ ಎಳೆಯುತ್ತೀರಿ? ಅದನ್ನು ಒಳ್ಳೆಯ ಮಾಲಿನ ಜೊತೆ ಬೆರೆಯದಂತೆ ಅಲ್ಲೇ ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ. ನಮ್ಮ ಮೇಜಿನ ಕೆಳಗೆ ಅದಕ್ಕೇ ಒಂದು ಕೆಂಪು ಡಬ್ಬಿ ಇದೆ. ತುಂಬಿದಾಗ ಗುಜರಿಯವನು ತೂಕ ಹಾಕಿ ಒಯ್ಯುತ್ತಾನೆ. ಮೊದಲ ವರ್ಷ ತಿಂಗಳಿಗೊಮ್ಮೆ ಬರುತ್ತಿದ್ದ. ಈಗ ದೀಪಾವಳಿಗೆ ಒಮ್ಮೆ ಬಂದು, "ಏನ್ ಕಾಕಾ, ಧಂದಾ ಬಿಟ್ರಿ ಏನು?" ಅಂತ ಕೇಳುತ್ತಾನೆ.